ಟೇಲರ್‌ನನ್ನು ತಿರುಗಿ ಕರೆದ ವಿಶಿ

ಮಕ್ಕಳೇ, ಯುಗಾದಿ ದಿನ ಊಟಕ್ಕೆ ಎಲೆ ಹಾಕುವ ಹೊತ್ತಿಗೆ ನೀವೆಲ್ಲ ಸಭಾಭವನದ ಹಿಂದೆ ಕ್ರಿಕೆಟ್ ಆಡುತ್ತಿದ್ದಿರಿ. ಚೆಂಡು ಬ್ಯಾಟಿಗೆ ಬಡಿಯಿತು, ಬಡಿಯಲಿಲ್ಲ ಎಂದು ದೊಡ್ಡ ಜಗಳ. ಆ ಜಗಳ ಕೇಳಿ ನನಗೆ ನೆನಪಾದವರು ಗುಂಡಪ್ಪ ವಿಶ್ವನಾಥ್, ಎಲ್ಲರ ಬಾಯಲ್ಲಿ ವಿಶಿ. ಅವರನ್ನು ನಾನು ಮೊದಲು ಕಂಡದ್ದು ಕಣ್ಣಿನಿಂದಲ್ಲ, ಹುಬ್ಬಳ್ಳಿಯ ನಮ್ಮ ಮನೆಯ ಟ್ರಾನ್ಸಿಸ್ಟರಿನಲ್ಲಿ. ಕಾಮೆಂಟರಿ ಇಂಗ್ಲಿಷ್, ಹಿಂದಿಯಲ್ಲಿ ಬರುತ್ತಿತ್ತು. ಅದನ್ನು ನಮಗೆ ಕನ್ನಡಕ್ಕೆ ಇಳಿಸಿ ಹೇಳುತ್ತಿದ್ದವರು ನಮ್ಮ ಕಾಕಾ.

ವಿಶ್ವನಾಥ್ ಹುಟ್ಟಿದ್ದು 1949ರಲ್ಲಿ, ಭದ್ರಾವತಿಯಲ್ಲಿ. ಆಳು ಗಿಡ್ಡ, ಐದಡಿಗಿಂತ ತುಸುವೇ ಎತ್ತರ. ಆದರೆ ಮಣಿಕಟ್ಟು ಎಂಥದ್ದು! ಆಫ್ ಸ್ಟಂಪಿನ ಆಚೆ ಬಂದ ಚೆಂಡು ಇನ್ನೇನು ಕೀಪರ್ ಕೈಸೇರಿತು ಅನ್ನುವಾಗ ಬ್ಯಾಟನ್ನು ಹಾಗೊಮ್ಮೆ ಇಳಿಸಿದರೆ ಅದು ಬೌಂಡರಿಗೆ ಓಡಬೇಕು. ಆ ಸ್ಕ್ವೇರ್ ಕಟ್ ನೋಡಲೆಂದೇ ಜನ ಟಿಕೆಟ್ ಕೊಳ್ಳುತ್ತಿದ್ದರು. 1969ರಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯದ ಎದುರು ಆಡಿದ ಮೊದಲ ಟೆಸ್ಟಿನಲ್ಲಿ ಮೊದಲು ಸೊನ್ನೆ, ಎರಡನೇ ಸರದಿಯಲ್ಲಿ 137. ಒಟ್ಟು 91 ಟೆಸ್ಟ್, 14 ಶತಕ. ಅವರು ಶತಕ ಹೊಡೆದ ಒಂದು ಟೆಸ್ಟನ್ನೂ ಭಾರತ ಸೋತಿಲ್ಲ.

ಆದರೂ ಅವರ ಆಟದಲ್ಲಿ ಜನ ಹೆಚ್ಚು ನೆನೆಯುವುದು ಶತಕವಾಗದ ಒಂದು ಆಟವನ್ನು. 1975ರ ಸಂಕ್ರಾಂತಿಯ ಹೊತ್ತು, ಮದ್ರಾಸಿನ ಚೆಪಾಕ್. ವೆಸ್ಟ್ ಇಂಡೀಸಿನ ಆಂಡಿ ರಾಬರ್ಟ್ಸ್ ಬೆಂಕಿಯಂಥ ವೇಗದಲ್ಲಿ ಏಳು ಜನರನ್ನು ಕೆಡವಿದ. ಭಾರತ 190. ಅದರಲ್ಲಿ ವಿಶ್ವನಾಥ್ ಒಬ್ಬರದೇ 97, ಔಟಾಗದೆ. ಕೊನೆಗೆ ಜೊತೆಗಿದ್ದವರು ನಮ್ಮ ಚಂದ್ರಶೇಖರ್. ಟೆಸ್ಟಿನಲ್ಲಿ ಅವರು ಪಡೆದ ವಿಕೆಟ್ 242, ಹೊಡೆದ ರನ್ 167 ಎಂದರೆ ಅವರ ಬ್ಯಾಟಿಂಗ್ ಹೇಗಿತ್ತೆಂದು ನಿಮಗೇ ತಿಳಿಯುತ್ತದೆ. ಚಂದ್ರಶೇಖರ್ ಔಟಾದರು, ವಿಶ್ವನಾಥರ ಶತಕ ಮೂರು ರನ್ ದೂರದಲ್ಲೇ ಉಳಿಯಿತು. ಪಂದ್ಯ ಮಾತ್ರ ಭಾರತದ್ದಾಯಿತು, 100 ರನ್ನುಗಳಿಂದ.

ಇನ್ನು ಟೇಲರ್ ವಿಷಯ. 1980ರ ಫೆಬ್ರವರಿ. ಭಾರತೀಯ ಕ್ರಿಕೆಟ್ ಮಂಡಳಿಗೆ ಐವತ್ತು ತುಂಬಿದ ಸಂಭ್ರಮಕ್ಕೆ ಬೊಂಬಾಯಿಯಲ್ಲಿ ಇಂಗ್ಲೆಂಡ್ ಜೊತೆ ಒಂದೇ ಟೆಸ್ಟ್. ವಿಶ್ವನಾಥ್ ನಾಯಕ. ಫೆಬ್ರವರಿ 16, ಶನಿವಾರ ಖಗ್ರಾಸ ಸೂರ್ಯಗ್ರಹಣ, ಅವತ್ತು ಆಟಕ್ಕೆ ಬಿಡುವು. ಗ್ರಹಣದ ಪೂರ್ತಿ ನೆರಳು ಅಂಕೋಲಾ, ಹುಬ್ಬಳ್ಳಿ, ರಾಯಚೂರಿನ ಮೇಲೇ ಹಾದು ಹೋಯಿತು. ಅಜ್ಜಿ ಉಪ್ಪಿನಕಾಯಿ ಭರಣಿಯ ಮೇಲೂ ದರ್ಭೆ ಇಟ್ಟು, ಬಾಗಿಲು ಹಾಕಿ ನಮ್ಮನ್ನೆಲ್ಲ ಒಳಗೆ ಕೂಡಿಸಿದ್ದರು. ಮಧ್ಯಾಹ್ನವೇ ಕತ್ತಲಾಗಿ ಹಕ್ಕಿಗಳ ಸದ್ದು ನಿಂತದ್ದು ಇನ್ನೂ ಕಿವಿಯಲ್ಲಿದೆ.

ಮರುದಿನ ಆಟ ಮತ್ತೆ ಶುರು. 58 ರನ್ನಿಗೆ ಇಂಗ್ಲೆಂಡಿನ ಐದು ವಿಕೆಟ್ ಉರುಳಿದ್ದವು. ಇಯಾನ್ ಬಾಥಮ್ ಜೊತೆ ಕೀಪರ್ ಬಾಬ್ ಟೇಲರ್ ನಿಂತಿದ್ದರು. ಟೇಲರ್ ಬ್ಯಾಟಿಗೆ ತಾಗಿ ಚೆಂಡು ಭಾರತದ ಕೀಪರ್ ಕೈಗೆ ಹೋಯಿತೆಂದು ಕೂಗೆದ್ದಿತು. ಅಂಪೈರ್ ಹನುಮಂತರಾವ್ ಬೆರಳೆತ್ತಿದರು. ಟಿವಿ ನೋಡಿ ತೀರ್ಪು ಬದಲಿಸುವ ಕಾಲವಲ್ಲ ಅದು. ಬೆರಳೆತ್ತಿದರೆ ಮುಗಿಯಿತು. ಆದರೆ ಮೊದಲ ಸ್ಲಿಪ್ಪಿನಲ್ಲಿ, ಕೀಪರ್ ಪಕ್ಕದಲ್ಲೇ, ವಿಶ್ವನಾಥ್ ನಿಂತಿದ್ದರು. ಚೆಂಡು ಬ್ಯಾಟಿಗೆ ತಾಗಿಲ್ಲವೆಂದು ಅವರಿಗೆ ಗೊತ್ತಿತ್ತು. ಅಂಪೈರ್ ಬಳಿ ಹೋಗಿ ತೀರ್ಪು ಹಿಂದೆಗೆದುಕೊಳ್ಳಲು ಕೇಳಿಕೊಂಡರು. ಟೇಲರ್ ಮತ್ತೆ ಆಡಿದರು.

ಬಾಥಮ್ ಮತ್ತು ಟೇಲರ್ ಸೇರಿ 171 ರನ್ ಕೂಡಿಸಿದರು. ಬಾಥಮ್ 114 ಹೊಡೆದದ್ದಲ್ಲದೆ ಆ ಪಂದ್ಯದಲ್ಲಿ 13 ವಿಕೆಟ್ ಕಿತ್ತರು. ಭಾರತ ಹತ್ತು ವಿಕೆಟ್‌ಗಳಿಂದ ಸೋತಿತು. ವಿಶ್ವನಾಥ್ ಮತ್ತೆಂದೂ ಭಾರತದ ನಾಯಕರಾಗಲಿಲ್ಲ.

ನನಗೆ ಅಳುವೇ ಬಂದಿತ್ತು. "ಔಟ್ ಕೊಟ್ಟ ಮ್ಯಾಲೆ ತಿರುಗಿ ಯಾಕ ಕರದ್ರು ಕಾಕಾ?" ಅಂದೆ.

ಕಾಕಾ ಟ್ರಾನ್ಸಿಸ್ಟರಿನ ಕಿವಿ ಹಿಂಡಿ ಆರಿಸಿದರು. "ಬಡದಿಲ್ಲಂತ ಅವರಿಗೆ ಗೊತ್ತಿತ್ತಲ್ಲೋ ತಮ್ಮಾ," ಅಂದರು.

ವಿಶ್ವನಾಥರ ಜೊತೆಗಾರ ಸುನಿಲ್ ಗಾವಸ್ಕರ್ ತಮ್ಮ ಮಗನಿಗೆ ರೋಹನ್ ಜೈವಿಶ್ವ ಎಂದು ಹೆಸರಿಟ್ಟರು. ಕ್ರಿಕೆಟಿಗರಾದ ರೋಹನ್ ಕನ್ಹಾಯ್, ಜೈಸಿಂಹ, ವಿಶ್ವನಾಥ್, ಮೂವರೂ ಆ ಹೆಸರಿನಲ್ಲಿದ್ದಾರೆ. ಬೊಂಬಾಯಿ ಟೆಸ್ಟಿನ ಸ್ಕೋರ್ ಪಟ್ಟಿ ಈಗಲೂ ಸಿಗುತ್ತದೆ, ತೆಗೆದು ನೋಡಿ. ಟೇಲರ್ ಹೆಸರಿನ ಮುಂದೆ 43 ಎಂದಿದೆ. ಅವರನ್ನು ತಿರುಗಿ ಕರೆದದ್ದು ಅದರಲ್ಲಿ ಎಲ್ಲೂ ಬರೆದಿಲ್ಲ.