ಪಂಚಾಕ್ಷರಿ ಗವಾಯಿಗಳು

ಬದಾಮಿ ತಾಲೂಕಿನಲ್ಲಿ ಮಲಪ್ರಭೆಯ ತೀರದಲ್ಲಿರುವ ಶಿವಯೋಗಮಂದಿರವನ್ನು ನಮ್ಮ ಸೀಮೆಯಲ್ಲಿ ಅರಿಯದವರು ವಿರಳ. ಅಲ್ಲಿ ಗಾನವಿದ್ಯೆಯನ್ನು ಸಾಧಿಸಿದ ಅಂಧರೊಬ್ಬರ ಚರಿತ್ರೆಯು ತಾಯಿತಂದೆಗಳೆಲ್ಲರೂ ತಿಳಿಯತಕ್ಕದ್ದಾಗಿದೆ.

ಪಂಚಾಕ್ಷರಿ ಗವಾಯಿಗಳು 1892ರಲ್ಲಿ ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಬಡ ಮನೆತನದಲ್ಲಿ ಜನಿಸಿದರು. ಅವರೂ ಅವರ ಸಹೋದರರೂ ಹುಟ್ಟುಕುರುಡರು. ಹಾನಗಲ್ಲ ಕುಮಾರಸ್ವಾಮಿಗಳು ಈ ಬಾಲಕರಲ್ಲಿದ್ದ ಗಾನಶಕ್ತಿಯನ್ನು ಗುರುತಿಸಿ, ಅವರ ವಿದ್ಯಾಭ್ಯಾಸದ ಭಾರವನ್ನು ತಾವೇ ವಹಿಸಿದರು. ಪಂಚಾಕ್ಷರಿಗಳು ಮೈಸೂರಿನಲ್ಲಿ ಕರ್ನಾಟಕ ಸಂಗೀತವನ್ನೂ, ಬಳಿಕ ನೀಲಕಂಠಬುವಾ ಅವರಿಂದ ಹಿಂದುಸ್ತಾನಿ ಸಂಗೀತವನ್ನೂ ಕಲಿತು ಎರಡರಲ್ಲಿಯೂ ಪಾರಂಗತರಾದರು.

ತಾವು ಪಡೆದ ವಿದ್ಯೆಯನ್ನು ಅವರು ತಮ್ಮಲ್ಲಿಯೇ ಇಟ್ಟುಕೊಳ್ಳಲಿಲ್ಲ. ಅಂಧರನ್ನೂ ಅನಾಥರನ್ನೂ ಕೂಡಿಸಿ, ಊರಿಂದೂರಿಗೆ ಸಂಚರಿಸುತ್ತ, ಭಿಕ್ಷೆಯಿಂದ ಬಂದ ಅನ್ನವನ್ನು ಹಂಚಿ ಪಾಠ ಹೇಳಿದರು. ಕಣ್ಣುಳ್ಳ ಬಸವರಾಜ ರಾಜಗುರುಗಳೂ, ಶೈಶವದಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡ ಪುಟ್ಟರಾಜ ಗವಾಯಿಗಳೂ ಒಬ್ಬ ಗುರುವಿನ ಬಳಿಯಲ್ಲಿಯೇ ಕಲಿತರು. ಗದಗಿನ ವೀರೇಶ್ವರ ಪುಣ್ಯಾಶ್ರಮವು ಅವರ ಸಾಧನೆಯ ಫಲವು. 1944ರಲ್ಲಿ ಅವರು ದೇಹವನ್ನು ಬಿಟ್ಟರು. ಪುಟ್ಟರಾಜರು ಆ ಕಾರ್ಯವನ್ನು 2010ರ ವರೆಗೆ ಮುನ್ನಡೆಸಿದರು.

2011ರ ಜನಗಣತಿಯ ಪ್ರಕಾರ ಭಾರತದಲ್ಲಿ ಅಂಗವಿಕಲರು 2 ಕೋಟಿ 68 ಲಕ್ಷ. ಅವರಲ್ಲಿ ನಡೆದಾಡಲು ತೊಂದರೆಯುಳ್ಳವರು 54 ಲಕ್ಷ. ಕಿವಿಯ ಕೊರತೆಯುಳ್ಳವರೂ ದೃಷ್ಟಿಯ ಕೊರತೆಯುಳ್ಳವರೂ ತಲಾ ಸುಮಾರು 50 ಲಕ್ಷ. ಒಟ್ಟು ಸಂಖ್ಯೆಯಲ್ಲಿ ಸ್ತ್ರೀಯರೇ 1 ಕೋಟಿ 18 ಲಕ್ಷ. ಕಾಡಶೆಟ್ಟಿಹಳ್ಳಿಯ ಬಾಲಕನಿಗೆ ಕೈಹಿಡಿಯುವವರು ದೊರೆತರು. ಇವರಲ್ಲಿ ಎಷ್ಟು ಮಂದಿಗೆ ದೊರೆತಿರುವರು?

ಬಾಗಲಕೋಟೆ, ಬದಾಮಿ, ಹುನಗುಂದ, ಇಳಕಲ್ಲಗಳ ಸೋದರಿಯರೇ, ನಿಮ್ಮ ಓಣಿಯಲ್ಲಿ ಇಂಥ ಮಗುವೊಂದು ಮನೆಯ ಮೂಲೆಯಲ್ಲಿ ಕುಳಿತಿದ್ದರೆ, ಅದರ ತಾಯಿಗೆ ಈ ಚರಿತ್ರೆಯನ್ನು ಹೇಳಿರಿ. ಮಗುವನ್ನು ಶಾಲೆಯ ಬಾಗಿಲಿಗೆ ಕರೆತನ್ನಿರಿ.