ಸರ್ ಕೆ. ಶೇಷಾದ್ರಿ ಅಯ್ಯರ್ (1845–1901)

ಬೆಂಗಳೂರು ನಗರಕ್ಕೆ ಕೊಳವೆಗಳ ಮೂಲಕ ಕುಡಿಯುವ ನೀರು ಒದಗಿಸುವ ಕಾರ್ಯಕ್ಕೆ ನಾಂದಿ ಹಾಡಿದವರಲ್ಲಿ ಸರ್ ಕೆ. ಶೇಷಾದ್ರಿ ಅಯ್ಯರ್ ಪ್ರಮುಖರು. ಮಲಬಾರಿನ ಪಾಲಕ್ಕಾಡು ಪ್ರದೇಶದಲ್ಲಿ ಜನಿಸಿದ ಶ್ರೀಯುತರು 1868ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಸೇರಿ, 1883ರಿಂದ 1901ರವರೆಗೆ ದಿವಾನರಾಗಿದ್ದರು.

ಆಗ ನಗರದ ಜನತೆ ಧರ್ಮಾಂಬುಧಿ, ಸಂಪಂಗಿ, ಹಲಸೂರು ಮುಂತಾದ ಕೆರೆಗಳನ್ನೂ ಬಾವಿಗಳನ್ನೂ ಅವಲಂಬಿಸಿದ್ದರು. ಜನವಸತಿ ಹೆಚ್ಚಿದಂತೆ ಕೊಳಚೆಯು ಕೆರೆಗಳಿಗೆ ಸೇರಿ ನೀರು ಕಲುಷಿತಗೊಳ್ಳತೊಡಗಿತು. ಆದಕಾರಣ ಜನವಸತಿಯಿಂದ ದೂರದಲ್ಲಿದ್ದ, ಅರ್ಕಾವತಿ ನದಿಯ ಹೆಸರಘಟ್ಟ ಕೆರೆಯನ್ನು ಜಲಮೂಲವಾಗಿ ಆಯ್ಕೆ ಮಾಡಲಾಯಿತು. ಅವರ ಅಧಿಕಾರಾವಧಿಯಲ್ಲಿ ಕೈಗೊಂಡ ಈ ಯೋಜನೆಯು 1896ರಲ್ಲಿ ಕಾರ್ಯಾರಂಭ ಮಾಡಿತು. ಕೆರೆಯಿಂದ ಸೋಲದೇವನಹಳ್ಳಿಗೆ ಹರಿದು ಬಂದ ನೀರನ್ನು ಉಗಿಯಂತ್ರಗಳಿಂದ ನಗರಕ್ಕೆ ಏರಿಸಲಾಗುತ್ತಿತ್ತು.

ಶ್ರೀಯುತರು 1901ರ ಸೆಪ್ಟೆಂಬರ್‌ನಲ್ಲಿ ನಿಧನ ಹೊಂದಿದರು. ಅವರ ಪ್ರತಿಮೆಯು ಕಬ್ಬನ್ ಉದ್ಯಾನದಲ್ಲಿದೆ.

ದೂರದ ನೀರು ಬಂದ ಮೇಲೆ ನಗರದೊಳಗಿನ ಕೆರೆಗಳ ಮೇಲಿನ ಕಾಳಜಿ ಕ್ಷೀಣಿಸಿತು. ಕಾಲಾನಂತರದಲ್ಲಿ ಧರ್ಮಾಂಬುಧಿಯ ಅಂಗಳದಲ್ಲಿ ಬಸ್ ನಿಲ್ದಾಣವೂ ಸಂಪಂಗಿ ಕೆರೆಯ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣವೂ ನಿರ್ಮಾಣಗೊಂಡವು. ಕೆರೆಯ ನೀರು ಶುದ್ಧವಾಗಿರಬೇಕಾದರೆ ಅದಕ್ಕೆ ನೀರು ತರುವ ಕಾಲುವೆಗಳು ಶುದ್ಧವಾಗಿರಬೇಕು. ಆದ್ದರಿಂದ ಸಾರ್ವಜನಿಕರು ಮನೆಯ ಕೊಳಚೆಯನ್ನು ಮಳೆನೀರು ಕಾಲುವೆಗೆ ಬಿಡದೆ, ಒಳಚರಂಡಿ ಸಂಪರ್ಕಕ್ಕೆ ಅರ್ಜಿ ಸಲ್ಲಿಸಿ ಸಹಕರಿಸಬೇಕಾಗಿ ಕೋರಲಾಗಿದೆ.