ಎರವಲು ಮಟ್ಟಿನ ಕವಿ: ಜೋ ಹಿಲ್

ಕಾವ್ಯಚರಿತ್ರೆಗಳಲ್ಲಿ ಜೋ ಹಿಲ್ಲನಿಗೆ ಸಾಮಾನ್ಯವಾಗಿ ಸ್ಥಾನವಿಲ್ಲ. ಆತನ ಹಾಡುಗಳೆಲ್ಲ ಸೇರಿದರೂ ಒಂದು ತೆಳ್ಳನೆಯ ಹೊತ್ತಗೆಯಷ್ಟೇ ಆದೀತು. ಅವುಗಳ ಮಟ್ಟುಗಳಾದರೂ ಬಹುಪಾಲು ಪರರವು. ಹೀಗಿದ್ದೂ ದುಡಿಯುವವರ ಹಾಡಿನ ಮಾತು ಬಂದಲ್ಲೆಲ್ಲ ಈತನ ಹೆಸರು ಬಾರದಿರುವುದಿಲ್ಲ. ಇದರ ಕಾರಣವನ್ನು ಆತನ ಸಾವಿನಲ್ಲಿ ಹುಡುಕುವುದು ವಾಡಿಕೆ. ಆತನ ಹಾಡಿನ ರೀತಿಯಲ್ಲಿ ಹುಡುಕುವುದು ಹೆಚ್ಚು ಉಚಿತವೆಂದು ನನ್ನ ಭಾವನೆ.

ಆತ ಹುಟ್ಟಿದ್ದು ಸ್ವೀಡನ್ ದೇಶದ ಯೆವ್ಲೆ ಎಂಬ ರೇವುಪಟ್ಟಣದಲ್ಲಿ, 1879ರ ಅಕ್ಟೋಬರ್ 7ರಂದು. ತಂದೆತಾಯಿಗಳಿಟ್ಟ ಹೆಸರು ಯೋಯೆಲ್ ಹೆಗ್‌ಲುಂಡ್. ತಂದೆ ರೈಲ್ವೆಯ ನೌಕರ. ಮನೆಯಲ್ಲಿ ಬಡತನವಿದ್ದಂತೆ ಸಂಗೀತವೂ ಇತ್ತು. ಕೆಲಸದಲ್ಲಿ ಆದ ಗಾಯದಿಂದ 1887ರಲ್ಲಿ ತಂದೆ ತೀರಿಕೊಂಡಾಗ ಹುಡುಗನಿಗೆ ಎಂಟು ವರ್ಷ. ಮುಂದೆ ಹಗ್ಗದ ಕಾರ್ಖಾನೆಯಲ್ಲಿ ದುಡಿದ; ಕ್ಷಯರೋಗ ಚರ್ಮಕ್ಕೂ ಕೀಲುಗಳಿಗೂ ತಗುಲಿ ಸ್ಟಾಕ್‌ಹೋಮಿನಲ್ಲಿ ಚಿಕಿತ್ಸೆ ಪಡೆದ. 1902ರಲ್ಲಿ ತಾಯಿಯೂ ಹೋದಳು. ಮನೆ ಒಡೆಯಿತು, ಒಡಹುಟ್ಟಿದವರು ಚದುರಿದರು. ಅದೇ ವರ್ಷ ಅಣ್ಣತಮ್ಮಂದಿರಿಬ್ಬರು ಅಮೆರಿಕದ ಹಡಗು ಹತ್ತಿದರು.

ಅಮೆರಿಕದಲ್ಲಿ ಆತ ಅಲೆಮಾರಿ ಕೂಲಿಯಾದ. ಜೋಸೆಫ್ ಹಿಲ್‌ಸ್ಟ್ರಾಮ್ ಆದ. ಕೊನೆಗೆ ಜೋ ಹಿಲ್ ಆದ. 1906ರ ಭೂಕಂಪದ ವೇಳೆಗೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿದ್ದು, ಅದರ ವೃತ್ತಾಂತವನ್ನು ಊರಿನ ಪತ್ರಿಕೆಗೆ ಬರೆದು ಕಳುಹಿಸಿದ. 1910ರ ಸುಮಾರಿಗೆ ಕ್ಯಾಲಿಫೋರ್ನಿಯದ ಸ್ಯಾನ್ ಪೆಡ್ರೋ ಬಂದರಿನಲ್ಲಿ ಇಂಡಸ್ಟ್ರಿಯಲ್ ವರ್ಕರ್ಸ್ ಆಫ್ ದಿ ವರ್ಲ್ಡ್ ಎಂಬ ಕಾರ್ಮಿಕ ಸಂಘವನ್ನು ಸೇರಿದ. ಅದು 1905ರಲ್ಲಿ ಷಿಕಾಗೋ ನಗರದಲ್ಲಿ ಸ್ಥಾಪಿತವಾದದ್ದು. ಆ ಕಾಲದ ಸಂಘಗಳು ಬಹುಮಟ್ಟಿಗೆ ನುರಿತ ಕಸುಬುದಾರರವು, ಕಸುಬೊಂದಕ್ಕೆ ಸಂಘವೊಂದು. ಈ ಹೊಸ ಸಂಘವಾದರೋ ಕುಶಲರಲ್ಲದ ಕೂಲಿಗಳನ್ನೂ ವಲಸೆಗಾರರನ್ನೂ ಹೆಂಗಸರನ್ನೂ ಕರಿಯ ಜನಾಂಗದವರನ್ನೂ ಏಷ್ಯದವರನ್ನೂ ಒಂದೇ ಚಾವಣಿಯಡಿ ಕೂಡಿಸಹೊರಟಿತ್ತು.

ಈ ಸಂಘದವರು ಬೀದಿಯ ಮೂಲೆಗಳಲ್ಲಿ ಭಾಷಣ ಮಾಡುತ್ತಿದ್ದರು. ಅಲ್ಲಿಯೇ ಸಾಲ್ವೇಶನ್ ಆರ್ಮಿಯ ವಾದ್ಯವೃಂದವೂ ನಿಂತು ಭಜನೆಗೆ ತೊಡಗಿದರೆ ಭಾಷಣ ಯಾರ ಕಿವಿಗೂ ಬೀಳುತ್ತಿರಲಿಲ್ಲ. ಆಗ ಅವರಿಗೆ ಹೊಳೆದ ಉಪಾಯ ಸೊಗಸಾದುದು: ಅದೇ ಭಜನೆಯ ಮಟ್ಟಿಗೆ ತಮ್ಮ ಮಾತುಗಳನ್ನು ಜೋಡಿಸಿ ಹಾಡುವುದು. ವಾದ್ಯ ಅವರದು, ಹಾಡು ಇವರದು! 1909ರಲ್ಲಿ ಸ್ಪೋಕೇನ್ ಪಟ್ಟಣದಲ್ಲಿ ಇಂಥ ಹಾಡುಗಳ ಕಿಸೆಪುಸ್ತಕವೊಂದು ಅಚ್ಚಾಯಿತು. ಕೆಂಪು ರಕ್ಷಾಪುಟದ ಆ ಪುಸ್ತಕದಲ್ಲಿ ಹಾಡಿನ ಮೇಲೆ ಮಟ್ಟಿನ ಹೆಸರಿರುತ್ತಿತ್ತು. ಸ್ವರಲಿಪಿಯ ಅಗತ್ಯವೇ ಇರಲಿಲ್ಲ.

ಜೋ ಹಿಲ್ಲನ ಪ್ರತಿಭೆ ಅರಳಿದ್ದು ಈ ಪುಟ್ಟ ಪುಸ್ತಕದಲ್ಲಿ. 1911ರ ಆವೃತ್ತಿಯಲ್ಲಿ ಬಂದ ಆತನ ಹಾಡೊಂದು, ಹಸಿದವನಿಗೆ ಪರಲೋಕದ ಪಕ್ವಾನ್ನವನ್ನು ತೋರಿಸುವ ಬೋಧಕನನ್ನು ಗೇಲಿ ಮಾಡಿತು. ಕೈಗೆಟುಕದ ಸುಖದ ಪೊಳ್ಳು ಭರವಸೆಗೆ ಇಂಗ್ಲಿಷಿನವರು ಇಂದಿಗೂ ಬಳಸುವ ನುಡಿಗಟ್ಟು ಹುಟ್ಟಿದ್ದು ಅದರಿಂದಲೇ. ಅದೇ ವರ್ಷದ ರೈಲ್ವೆ ಕಾರ್ಖಾನೆಗಳ ಮುಷ್ಕರಕ್ಕೆ ಒಂದು ಹಾಡು, ಮರುವರ್ಷ ಕೆನಡಾದ ಫ್ರೇಸರ್ ನದಿಯ ಕಣಿವೆಯಲ್ಲಿ ರೈಲುಹಾದಿ ಹಾಕುತ್ತಿದ್ದವರ ಮುಷ್ಕರಕ್ಕೆ ಇನ್ನೊಂದು. ಹೀಗೆ ಎಲ್ಲಿ ಮುಷ್ಕರವೋ ಅಲ್ಲಿ ಆತನ ಹಾಡು. ಕರಪತ್ರವನ್ನು ಒಮ್ಮೆ ಓದಿ ಎಸೆಯುತ್ತಾರೆ, ಹಾಡನ್ನು ಕಂಠಸ್ಥ ಮಾಡಿಕೊಳ್ಳುತ್ತಾರೆ ಎಂಬುದು ಆತನ ನಂಬಿಕೆ. ಈ ಹಾಡುಗಳಲ್ಲಿ ಮಹಾಕಾವ್ಯದ ಗುಣವನ್ನು ನಾನು ಕಾಣಲಾರೆ. ಆದರೆ ಕಲಿಯದವನೂ ಕಲಿಯಬಲ್ಲ, ಹತ್ತು ಭಾಷೆಗಳ ಜನ ಒಂದಾಗಿ ಹಾಡಬಲ್ಲ ಪದ್ಯವನ್ನು ರಚಿಸುವುದು ಸುಲಭದ ಕೆಲಸವೆಂದು ಭಾವಿಸುವವರು ಅದನ್ನೊಮ್ಮೆ ಪ್ರಯತ್ನಿಸಿ ನೋಡಬಹುದು.

1914ರ ಜನವರಿ 10ರ ರಾತ್ರಿ ಯೂಟಾ ಸಂಸ್ಥಾನದ ಸಾಲ್ಟ್ ಲೇಕ್ ನಗರದಲ್ಲಿ ಜಾನ್ ಮಾರಿಸನ್ ಎಂಬ ಅಂಗಡಿಕಾರನೂ ಅವನ ಮಗನೂ ಮುಸುಕುಧಾರಿಗಳ ಗುಂಡಿಗೆ ಬಲಿಯಾದರು. ಅದೇ ರಾತ್ರಿ ಜೋ ಹಿಲ್ ಎದೆಯಲ್ಲಿ ಗುಂಡಿನ ಗಾಯದೊಡನೆ ವೈದ್ಯನೊಬ್ಬನ ಮನೆಗೆ ಬಂದ. ಹೆಂಗಸೊಬ್ಬಳ ವಿಷಯದ ಜಗಳದಲ್ಲಿ ಆದ ಗಾಯವೆಂದ. ಆಕೆಯ ಹೆಸರನ್ನಾಗಲಿ ಗುಂಡು ಹೊಡೆದವನ ಹೆಸರನ್ನಾಗಲಿ ಹೇಳಲಿಲ್ಲ. ಕೊಲೆಗೆ ಆತನಿಗೆ ಕಾರಣವೇನಿತ್ತೆಂದು ಸಿದ್ಧವಾಗಲಿಲ್ಲ. ಆತ ಸಾಕ್ಷಿಪೆಟ್ಟಿಗೆ ಏರಲಿಲ್ಲ. ನಡುವೆ ತನ್ನ ವಕೀಲರನ್ನೇ ಬೇಡವೆಂದ. ಜೂನ್ ತಿಂಗಳಲ್ಲಿ ಅಪರಾಧಿಯೆಂದು ತೀರ್ಪಾಯಿತು. ಸ್ವೀಡನ್ನಿನ ರಾಯಭಾರಿ ಬೇಡಿಕೊಂಡ. ಹೆಲೆನ್ ಕೆಲ್ಲರ್ ಮೊರೆಯಿಟ್ಟಳು. ಅಧ್ಯಕ್ಷ ವಿಲ್ಸನ್ ಎರಡು ಬಾರಿ ಮಧ್ಯೆ ಬಂದ. ಮೊದಲ ಬಾರಿ ಶಿಕ್ಷೆ ಮುಂದೂಡಲ್ಪಟ್ಟಿತು, ಎರಡನೆಯ ಬಾರಿ ಗವರ್ನರ್ ಸ್ಪ್ರೈ ಮಣಿಯಲಿಲ್ಲ. 1915ರ ನವೆಂಬರ್ 19ರಂದು ಬಂದೂಕುಧಾರಿಗಳ ಮುಂದೆ ಆತನ ಬಾಳು ಮುಗಿಯಿತು.

ಆ ಮೌನ ನನ್ನನ್ನು ಬಹಳವಾಗಿ ಕಾಡಿದೆ. 2011ರಲ್ಲಿ ವಿಲಿಯಂ ಆಡ್ಲರ್ ಪ್ರಕಟಿಸಿದ ಜೀವನಚರಿತ್ರೆ, ಹಿಲ್ಡಾ ಎರಿಕ್ಸನ್ ಎಂಬಾಕೆ 1949ರಲ್ಲಿ ಬರೆದ ಪತ್ರವೊಂದನ್ನು ಬೆಳಕಿಗೆ ತಂದಿತು. ತನ್ನನ್ನು ಮೆಚ್ಚಿದ್ದ ಇನ್ನೊಬ್ಬ, ಜೋ ಹಿಲ್ಲನ ಗೆಳೆಯನೇ, ಅಸೂಯೆಯಿಂದ ಗುಂಡು ಹೊಡೆದನೆಂಬುದು ಆ ಪತ್ರದ ಸಾರ. ಅದು ನಿಜವಾದರೆ ಆತನ ಜೀವವನ್ನು ಉಳಿಸಲು ಒಂದು ಮಾತು ಸಾಕಾಗಿತ್ತು. ಆಡದೆ ಹೋದದ್ದು ಅಭಿಮಾನವೋ ಹಟವೋ, ಆರೋಪವನ್ನು ಸಾಧಿಸುವ ಹೊಣೆ ಸರ್ಕಾರದ್ದೆಂಬ ತತ್ತ್ವನಿಷ್ಠೆಯೋ? ಮೂರೂ ಬೆರೆತಿದ್ದಿರಬಹುದೆಂದು ನಾನು ಊಹಿಸುತ್ತೇನೆ. ಈ ಮೌನ ಆತನನ್ನು ಹುತಾತ್ಮನನ್ನಾಗಿ ಮಾಡಿತು. ಆದರೆ ಒಬ್ಬ ಹಾಡುಗಾರನನ್ನು ನಮ್ಮಿಂದ ಕಸಿದುಕೊಂಡಿತೆಂಬುದನ್ನೂ ಮರೆಯಲಾಗದು.

ತನಗಾಗಿ ಅಳುತ್ತ ಕಾಲ ಕಳೆಯದೆ ಸಂಘವನ್ನು ಕಟ್ಟಬೇಕೆಂದು ಆತ ಗೆಳೆಯರಿಗೆ ತಿಳಿಸಿದ್ದ. ಯೂಟಾದ ಮಣ್ಣಿನಲ್ಲಿ ತನ್ನ ದೇಹ ಇರಬಾರದೆಂದೂ ಕೇಳಿಕೊಂಡಿದ್ದ. ಷಿಕಾಗೋದಲ್ಲಿ ನಡೆದ ಅಂತ್ಯಯಾತ್ರೆಗೆ ಸುಮಾರು 30,000 ಜನ ಸೇರಿದರೆಂದು ಅಂದಾಜು. ಚಿತಾಭಸ್ಮವನ್ನು ಪುಟ್ಟ ಲಕೋಟೆಗಳಲ್ಲಿ ಹಂಚಿ, ಯೂಟಾ ಒಂದನ್ನುಳಿದು ಅಮೆರಿಕದ ಎಲ್ಲ ಸಂಸ್ಥಾನಗಳಿಗೂ ಹೊರದೇಶಗಳಿಗೂ ಕಳುಹಿಸಿದರು. ಅಂಚೆಯವರು 1917ರಲ್ಲಿ ತಡೆಹಿಡಿದ ಲಕೋಟೆಯೊಂದು 1988ರಲ್ಲಿ ಸರ್ಕಾರದ ದಾಖಲೆಗಳ ನಡುವೆ ಪತ್ತೆಯಾಗಿ ಸಂಘದ ಕೈಸೇರಿತು. ಅದರಲ್ಲಿಯ ಒಂದು ಚಿಟಿಕೆಯನ್ನು ಇಂಗ್ಲೆಂಡಿನ ಗಾಯಕ ಬಿಲ್ಲಿ ಬ್ರ್ಯಾಗ್ ನುಂಗಿದನೆಂದು ವರದಿಯಾಗಿದೆ.

ಇದು ವಿಚಿತ್ರವೆನಿಸಿದರೂ ಅರ್ಥಹೀನವಲ್ಲ. ಬ್ರ್ಯಾಗ್ 1970ರ ದಶಕದ ಕೊನೆಯ ಪಂಕ್ ಸಂಗೀತದ ಕೂಸು. ಗುರುಮುಖೇನ ಕಲಿಯದವನೂ ಹಾಡಬಹುದು, ದೊಡ್ಡ ಕಂಪನಿ ಒಲ್ಲೆನೆಂದರೆ ತಾವೇ ಧ್ವನಿಮುದ್ರಿಕೆ ತರಬಹುದು ಎಂಬುದು ಆ ಸಂಗೀತದ ಧೈರ್ಯ. ಮ್ಯಾಂಚೆಸ್ಟರಿನ ಬಜ್‌ಕಾಕ್ಸ್ ತಂಡ 1977ರಲ್ಲಿ ಸಾಲ ತಂದು ಮಾಡಿದ್ದು ಅದನ್ನೇ. 1984–85ರ ಬ್ರಿಟಿಷ್ ಗಣಿಕಾರ್ಮಿಕರ ಮುಷ್ಕರದ ಸಹಾಯಾರ್ಥ ಬ್ರ್ಯಾಗ್ ಊರೂರುಗಳಲ್ಲಿ ಹಾಡಿದ. 1986ರಲ್ಲಿ ಸಂಘಶಕ್ತಿಯನ್ನು ಕುರಿತು ಹಾಡೊಂದನ್ನು ಹೊರತಂದ. ಅದರ ಶೀರ್ಷಿಕೆ ಜೋ ಹಿಲ್ಲನ 1913ರ ಹಾಡಿನದು, ಮಟ್ಟು ಅಮೆರಿಕದ ಅಂತರ್ಯುದ್ಧ ಕಾಲದ ಹಳೆಯ ಹಾಡಿನದು. ಎರವಲು ತರುವ ವಿದ್ಯೆಯೇ ಹೀಗೆ ಎರವಲಾಗಿ ಮುಂದಿನ ತಲೆಮಾರಿಗೆ ಬಂತು.

ಜೋ ಹಿಲ್ಲನನ್ನು ಕುರಿತು 1936ರಲ್ಲಿ ಇತರರು ಕಟ್ಟಿದ ಹಾಡು ಜಗತ್ತನ್ನೆಲ್ಲ ಸುತ್ತಿದೆ; ಪಾಲ್ ರೋಬ್ಸನ್ ಅದನ್ನು ಹಾಡಿದ, 1969ರ ವುಡ್‌ಸ್ಟಾಕ್ ಉತ್ಸವದಲ್ಲಿ ಜೋನ್ ಬಯೇಜ್ ಹಾಡಿದಳು. ಆತನೇ ಬರೆದ ಹಾಡುಗಳನ್ನು ಬಲ್ಲವರು ಅದಕ್ಕಿಂತ ಕಡಮೆ. ಸತ್ತವನನ್ನು ಸ್ತುತಿಸುವುದು ಸುಲಭ, ಆತನ ಕೆಲಸವನ್ನು ಮುಂದುವರಿಸುವುದು ಕಷ್ಟ. ತಿಳಿದ ಮಟ್ಟೊಂದನ್ನು ಹಿಡಿದು, ಇಂದಿನ ಅನ್ಯಾಯಕ್ಕೆ ಇಂದಿನ ಮಾತುಗಳನ್ನು ಜೋಡಿಸಿ, ನಾಲ್ಕು ಜನ ದನಿಗೂಡಿಸುವಂತೆ ಹಾಡುವವರು ಇರುವವರೆಗೆ ಆತನಿಗೆ ಬೇರೆ ಸ್ಮಾರಕ ಬೇಕಾಗಿಲ್ಲ.